ಎಳೆಗೂಸಿಗೆ ಆಪರೇಷನ್: ನಿದ್ದೆಗೆ, ಒತ್ತಡದ ಹಾರ್ಮೋನುಗಳಿಗೆ ಏನಾಗುತ್ತದೆ?

ಎರಡು ತಿಂಗಳ ಮಗು ಅತ್ತಾಗಲೆಲ್ಲ ತೊಡೆಸಂದಿಯಲ್ಲಿ ಒಂದು ಗಂಟು ಕಾಣಿಸುತ್ತದೆ. ಮಕ್ಕಳ ಡಾಕ್ಟರು ನೋಡಿ, 'ಹರ್ನಿಯಾ ಇದು, ತಡ ಮಾಡದೆ ಆಪರೇಷನ್ ಮಾಡಿಸಿ' ಎನ್ನುತ್ತಾರೆ. ಮನೆಗೆ ಬಂದ ಮೇಲೆ ಪ್ರಶ್ನೆಗಳು ಶುರುವಾಗುತ್ತವೆ. ಇಷ್ಟು ಸಣ್ಣ ಕೂಸಿಗೆ ಅರಿವಳಿಕೆಯೇ? ಮೆದುಳಿಗೆ ಏನಾದರೂ ಆದರೆ? ಬಾಣಂತನಕ್ಕೆಂದು ಊರಿನಿಂದ ಬಂದಿರುವ ಅಜ್ಜಿ 'ಈ ವಯಸ್ಸಿನ ನೋವು ಎಲ್ಲಿ ನೆನಪಿರುತ್ತೆ, ಬೇಗ ಮುಗಿಸಿಬಿಡಿ' ಎಂದರೆ, ಫೋನಿನಲ್ಲಿ ಸುದ್ದಿ ಕೇಳಿದ ಚಿಕ್ಕಮ್ಮ 'ಒಂದು ವರ್ಷ ತುಂಬಲಿ, ಆಮೇಲೆ ನೋಡೋಣ' ಎನ್ನುತ್ತಾರೆ.

ಆಪರೇಷನ್ ಆದ ರಾತ್ರಿಯ ಗೊಂದಲವೇ ಬೇರೆ. ಕೆಲವು ಮಕ್ಕಳು ಹದಿನೈದು ನಿಮಿಷಕ್ಕೊಮ್ಮೆ ಬೆಚ್ಚಿಬಿದ್ದು ಏಳುತ್ತವೆ. ಕೆಲವು ಹಾಲಿಗೂ ಏಳದ ಹಾಗೆ ನಿದ್ದೆ ಹೋಗುತ್ತವೆ. ಇವೆರಡಕ್ಕೂ ದೇಹದ ಒತ್ತಡದ ಹಾರ್ಮೋನುಗಳಿಗೂ ನಂಟಿದೆ. ಆ ನಂಟು ಅರ್ಥವಾದರೆ ಅಜ್ಜಿಗೂ ಚಿಕ್ಕಮ್ಮನಿಗೂ ಉತ್ತರ ಕೊಡುವುದು ಸುಲಭವಾಗುತ್ತದೆ, ಡಾಕ್ಟರನ್ನು ಏನು ಕೇಳಬೇಕು ಎಂಬುದೂ ತಿಳಿಯುತ್ತದೆ.

ಕಾರ್ಟಿಸಾಲ್ ಶತ್ರುವಲ್ಲ

ದೇಹಕ್ಕೆ ಗಾಯವಾದ ಕೂಡಲೇ ಮೊದಲು ಓಡಿಬರುವುದು ಅಡ್ರಿನಾಲಿನ್ ಮತ್ತು ನಾರ್‌ಅಡ್ರಿನಾಲಿನ್. ಕೆಲವೇ ಸೆಕೆಂಡುಗಳಲ್ಲಿ ಎದೆಬಡಿತವೂ ರಕ್ತದೊತ್ತಡವೂ ಏರುತ್ತವೆ. ಇವುಗಳ ಹಿಂದೆ ನಿಧಾನವಾಗಿ ಬರುವುದು ಕಾರ್ಟಿಸಾಲ್. ಮೆದುಳಿನ ಹೈಪೋಥಲಾಮಸ್ ಎಂಬ ಭಾಗ ಪಿಟ್ಯುಟರಿ ಗ್ರಂಥಿಗೆ ಸುದ್ದಿ ಮುಟ್ಟಿಸುತ್ತದೆ. ಪಿಟ್ಯುಟರಿಯು ಎಸಿಟಿಎಚ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ. ಅದು ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕೂತಿರುವ ಅಡ್ರಿನಲ್ ಗ್ರಂಥಿಗಳನ್ನು ತಲುಪಿದಾಗ ಕಾರ್ಟಿಸಾಲ್ ತಯಾರಾಗುತ್ತದೆ. ನೋವಾದ ಸುಮಾರು ಅರ್ಧ ಗಂಟೆಯಲ್ಲಿ ಇದರ ಏರಿಕೆಯನ್ನು ರಕ್ತದಲ್ಲೋ ಮಗುವಿನ ಜೊಲ್ಲಿನಲ್ಲೋ ಅಳೆಯಬಹುದು. ಮಾತು ಬಾರದ ಮಗುವಿನ ನೋವನ್ನು ಅಧ್ಯಯನ ಮಾಡುವವರಿಗೆ ಈ ಅಳತೆ ತುಂಬ ಉಪಯೋಗಕ್ಕೆ ಬಂದಿದೆ.

'ಒತ್ತಡದ ಹಾರ್ಮೋನು' ಎಂಬ ಹೆಸರು ಕೇಳಿ ಅದನ್ನು ವಿಷವೆಂದು ತಿಳಿಯಬೇಡಿ. ಗಾಯವಾದಾಗ ರಕ್ತದೊತ್ತಡ ಕುಸಿಯದಂತೆ, ಮೆದುಳಿಗೆ ಸಕ್ಕರೆ ತಪ್ಪದಂತೆ ನೋಡಿಕೊಳ್ಳುವುದು ಕಾರ್ಟಿಸಾಲೇ. ಅಡ್ರಿನಲ್ ಗ್ರಂಥಿ ಸರಿಯಾಗಿ ಕೆಲಸ ಮಾಡದ ಮಗುವಿಗೆ ಆಪರೇಷನ್ ವೇಳೆ ಹೊರಗಿನಿಂದ ಹೈಡ್ರೋಕಾರ್ಟಿಸೋನ್ ಕೊಡಬೇಕಾಗುತ್ತದೆ. ತೊಂದರೆಯಾಗುವುದು ಏರಿಕೆ ಅತಿಯಾದಾಗ, ಅಥವಾ ದಿನಗಟ್ಟಲೆ ಇಳಿಯದಿದ್ದಾಗ. ಆಗ ರಕ್ತದ ಸಕ್ಕರೆ ಏರುತ್ತದೆ, ಸ್ನಾಯುಗಳ ಪ್ರೊಟೀನ್ ಕರಗುತ್ತದೆ, ಸೋಂಕು ತಡೆಯುವ ಶಕ್ತಿ ತಗ್ಗುತ್ತದೆ, ಗಾಯ ಮಾಯುವುದು ತಡವಾಗುತ್ತದೆ. ದೊಡ್ಡವರ ದೇಹದಲ್ಲಿ ಕೂಡಿಟ್ಟ ಶಕ್ತಿ ಸಾಕಷ್ಟಿರುತ್ತದೆ. ಎರಡೋ ಮೂರೋ ಕಿಲೋ ತೂಗುವ ಕೂಸಿಗೆ ಅಂಥ ಉಳಿತಾಯವಿಲ್ಲ.

ಇಂದೋರ್‌ನಲ್ಲಿ ಓದಿದ ಡಾಕ್ಟರರ ಪ್ರಶ್ನೆ

ಹಸಿಗೂಸುಗಳಿಗೆ ನೋವು ಅಷ್ಟಾಗಿ ತಿಳಿಯದು ಎಂಬ ಅಜ್ಜಿಯ ಮಾತನ್ನು ತಮಾಷೆ ಮಾಡಬೇಡಿ. 1980ರ ದಶಕದವರೆಗೆ ದೊಡ್ಡ ದೊಡ್ಡ ಆಸ್ಪತ್ರೆಗಳೂ ಹೆಚ್ಚುಕಡಿಮೆ ಹಾಗೆಯೇ ನಂಬಿದ್ದವು. ನರಗಳು ಪೂರ್ತಿ ಬಲಿತಿಲ್ಲ, ಬಲವಾದ ಅರಿವಳಿಕೆಯನ್ನು ಆ ದೇಹ ತಾಳದು ಎಂಬುದು ಆಗಿನ ವಾದ. ಹೀಗಾಗಿ ಅವಧಿಗೆ ಮುನ್ನ ಹುಟ್ಟಿದ ಎಷ್ಟೋ ಮಕ್ಕಳಿಗೆ ಸ್ನಾಯು ಅಲುಗಾಡದಂತೆ ಮಾಡುವ ಔಷಧ ಮತ್ತು ಅಲ್ಪಸ್ವಲ್ಪ ನೈಟ್ರಸ್ ಆಕ್ಸೈಡ್ ಮಾತ್ರ ಕೊಟ್ಟು ಎದೆಯನ್ನು ತೆರೆದು ಆಪರೇಷನ್ ಮಾಡುತ್ತಿದ್ದರು. ಮಗು ಅಲುಗಾಡುತ್ತಿರಲಿಲ್ಲ, ಅಳುತ್ತಿರಲಿಲ್ಲ. ನೋವಿನ ಗತಿ ಏನು ಎಂದು ಕೇಳಿದವರು ಕಡಿಮೆ.

ಕೇಳಿದವರಲ್ಲಿ ಮುಖ್ಯರು ಇಂದೋರ್‌ನ ಮೆಡಿಕಲ್ ಕಾಲೇಜಿನಲ್ಲಿ ಓದಿ ಆಕ್ಸ್‌ಫರ್ಡ್‌ಗೆ ಹೋಗಿದ್ದ ಕನ್ವಲ್‌ಜೀತ್ ಆನಂದ್. ಆಪರೇಷನ್ ಥಿಯೇಟರಿನಿಂದ ಎನ್‌ಐಸಿಯುಗೆ ಮರಳುವ ಪುಟ್ಟ ಮಕ್ಕಳು ಹೋದಾಗಿನದಕ್ಕಿಂತ ತೀರಾ ಹದಗೆಟ್ಟು ಬರುತ್ತಿದ್ದುದನ್ನು ಅವರು ಗಮನಿಸಿದರು. 1987ರಲ್ಲಿ ಅವರೂ ಸಂಗಡಿಗರೂ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ಸಣ್ಣ ಪ್ರಯೋಗವನ್ನು ಪ್ರಕಟಿಸಿದರು. ಹೃದಯದ ಬಳಿಯ ರಕ್ತನಾಳವೊಂದನ್ನು ಕಟ್ಟುವ ಆಪರೇಷನ್‌ಗೆ ಬಂದಿದ್ದ, ದಿನ ತುಂಬದೆ ಹುಟ್ಟಿದ 16 ಮಕ್ಕಳಲ್ಲಿ 8 ಮಕ್ಕಳಿಗೆ ವಾಡಿಕೆಯ ಅರಿವಳಿಕೆ, ಉಳಿದ 8 ಮಕ್ಕಳಿಗೆ ಅದರ ಜೊತೆಗೆ ಫೆಂಟನಿಲ್ ಎಂಬ ಬಲವಾದ ನೋವುನಿವಾರಕ. ಫೆಂಟನಿಲ್ ಪಡೆದ ಮಕ್ಕಳಲ್ಲಿ ಒತ್ತಡದ ಹಾರ್ಮೋನುಗಳ ಏರಿಕೆ ಕಡಿಮೆಯಿತ್ತು, ರಕ್ತದ ಸಕ್ಕರೆಯ ಏರುಪೇರು ಕಡಿಮೆಯಿತ್ತು, ಆಪರೇಷನ್ ನಂತರದ ತೊಡಕುಗಳೂ ಕಡಿಮೆಯಿದ್ದವು. ಹದಿನಾರೇ ಮಕ್ಕಳ ಈ ಅಧ್ಯಯನ ಜಗತ್ತಿನ ರೂಢಿಯನ್ನೇ ಬದಲಿಸಿತು. ಅದೇ ವರ್ಷ ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿಯೂ ಹಸಿಗೂಸುಗಳಿಗೆ ಅರಿವಳಿಕೆ ತಪ್ಪಿಸಬಾರದೆಂದು ಹೇಳಿತು.

ಆದ್ದರಿಂದ 'ನೋವು ತಿಳಿಯದು' ಎಂಬ ಮಾತಿಗೆ ಉತ್ತರ ಸ್ಪಷ್ಟ: ತಿಳಿಯುತ್ತದೆ. 2015ರಲ್ಲಿ ಆಕ್ಸ್‌ಫರ್ಡ್‌ನಲ್ಲೇ ರೆಬೆಕಾ ಸ್ಲೇಟರ್ ಅವರ ತಂಡ ಎಂಆರ್‌ಐ ಮೂಲಕ ನೋಡಿದಾಗ, ದೊಡ್ಡವರಲ್ಲಿ ನೋವಿಗೆ ಚುರುಕಾಗುವ ಮೆದುಳಿನ 20 ಭಾಗಗಳಲ್ಲಿ 18 ಹಸಿಗೂಸುಗಳಲ್ಲೂ ಚುರುಕಾಗಿದ್ದವು.

ಮಲಗಿದೆ ಎಂದರೆ ನೋವಿಲ್ಲ ಎಂದಲ್ಲ

ಈಗ ನಿದ್ದೆಯ ವಿಷಯ. ಹಸಿಗೂಸು ದಿನಕ್ಕೆ 16ರಿಂದ 17 ಗಂಟೆ ಮಲಗುತ್ತದೆ, ಆದರೆ ಒಂದೇ ಹೊತ್ತಿಗಲ್ಲ. ಅದರ ನಿದ್ದೆಯಲ್ಲಿ ಎರಡು ಬಗೆ. ಒಂದು ಚಲನೆಯ ನಿದ್ದೆ: ರೆಪ್ಪೆಯೊಳಗೆ ಕಣ್ಣು ಓಡಾಡುತ್ತದೆ, ತುಟಿ ಅಲುಗುತ್ತದೆ, ನಕ್ಕಂತೆ ಕಾಣುತ್ತದೆ, ಉಸಿರು ಏರುಪೇರಾಗುತ್ತದೆ. ಇನ್ನೊಂದು ನಿಶ್ಚಲ ನಿದ್ದೆ: ಉಸಿರು ಸಮವಾಗಿ, ಮೈ ಅಲುಗದೆ ಮಲಗಿರುತ್ತದೆ. ಇವೆರಡೂ ಸೇರಿದ ಒಂದು ಸುತ್ತು ಸುಮಾರು 50ರಿಂದ 60 ನಿಮಿಷದ್ದು. ಚಲನೆಯ ನಿದ್ದೆ ಒಟ್ಟು ನಿದ್ದೆಯ ಅರ್ಧದಷ್ಟಿರುತ್ತದೆ. ಮೆದುಳು ತನ್ನ ನರಜಾಲವನ್ನು ಕಟ್ಟಿಕೊಳ್ಳಲು ಈ ನಿದ್ದೆಯೇ ಬಹಳ ಮುಖ್ಯ ಎಂಬುದು ನಿದ್ರಾತಜ್ಞರ ಅಭಿಪ್ರಾಯ.

ದೊಡ್ಡವರಲ್ಲಿ ಕಾರ್ಟಿಸಾಲ್ ಬೆಳಗ್ಗೆ ಏರಿ, ನಡುರಾತ್ರಿಯ ಹೊತ್ತಿಗೆ ತೀರಾ ಇಳಿದಿರುತ್ತದೆ. ಹುಟ್ಟಿದ ಕೂಸಿಗೆ ಇಂಥ ಹಗಲು–ರಾತ್ರಿಯ ಲಯ ಇರುವುದಿಲ್ಲ. ಸುಮಾರು ಎರಡು ಮೂರು ತಿಂಗಳ ಹೊತ್ತಿಗೆ ಅದು ಮೂಡಲು ಶುರುವಾಗುತ್ತದೆ, ರಾತ್ರಿ ನಿದ್ದೆಗೆ ನೆರವಾಗುವ ಮೆಲಟೋನಿನ್ ಲಯವೂ ಅದೇ ಹೊತ್ತಿಗೆ ಬರುತ್ತದೆ. ಹೀಗಾಗಿ ಮೊದಲ ತಿಂಗಳುಗಳಲ್ಲಿ ಆಪರೇಷನ್ ಆದ ಮಗುವಿನ ನಿದ್ದೆ ಕೆಟ್ಟಿದೆಯೋ, ಅದು ಮೊದಲೇ ಹಾಗಿತ್ತೋ ಎಂದು ಹೇಳುವುದು ತಂದೆ–ತಾಯಿಗೂ ಕಷ್ಟ. ಸಾಧ್ಯವಾದರೆ ಆಪರೇಷನ್‌ಗೆ ಮುಂಚಿನ ಮೂರು ದಿನ ಮಗು ಮಲಗಿದ, ಎದ್ದ, ಹಾಲು ಕುಡಿದ ಹೊತ್ತನ್ನು ಒಂದು ಚೀಟಿಯಲ್ಲಿ ಗುರುತು ಹಾಕಿಡಿ. ಆಮೇಲೆ ಹೋಲಿಸಲು ಒಂದು ಆಧಾರವಿರುತ್ತದೆ.

ನೋವು ಮತ್ತು ನಿದ್ದೆಯ ಸಂಬಂಧವನ್ನು ಮೊದಲು ಹುಡುಕಿದವರು ಆರಿಸಿಕೊಂಡದ್ದು ಸುನ್ನತಿಯನ್ನು. ಅಮೆರಿಕದ ಆಸ್ಪತ್ರೆಗಳಲ್ಲಿ ಆಗ ಆರೋಗ್ಯವಂತ ಗಂಡುಮಕ್ಕಳಿಗೆ ಹುಟ್ಟಿದ ಒಂದೆರಡು ದಿನದಲ್ಲೇ, ಬಹುಪಾಲು ಅರಿವಳಿಕೆಯಿಲ್ಲದೆ, ಅದನ್ನು ಮಾಡುತ್ತಿದ್ದರು. 1971ರಲ್ಲಿ ರಾಬರ್ಟ್ ಎಮ್ಡಿ ಮತ್ತು ಸಂಗಡಿಗರು ಕಂಡದ್ದು ಅಚ್ಚರಿಯ ಸಂಗತಿ. ಮಕ್ಕಳು ನಂತರ ಎಚ್ಚರವಾಗಿ ಒದ್ದಾಡುವ ಬದಲು ಮಾಮೂಲಿಗಿಂತ ದೀರ್ಘವಾದ ನಿಶ್ಚಲ ನಿದ್ದೆಗೆ ಜಾರಿದವು. 1974ರಲ್ಲಿ ಬೇರೆ ಸಂಶೋಧಕರು ಇದಕ್ಕೆ ವ್ಯತಿರಿಕ್ತವಾಗಿ, ಆಪರೇಷನ್ ನಂತರ ಎಚ್ಚರವೂ ಅಳುವೂ ಹೆಚ್ಚಿದ್ದನ್ನು ಕಂಡರು. 1985ರಲ್ಲಿ ಮೆಗನ್ ಗನ್ನರ್ ಅವರ ತಂಡ ರಕ್ತದ ಕಾರ್ಟಿಸಾಲ್ ಮತ್ತು ನಿದ್ದೆ ಎರಡನ್ನೂ ಜೊತೆಯಾಗಿ ಗಮನಿಸಿತು. ಸುನ್ನತಿಯ ಹೊತ್ತಿಗೆ ಕಾರ್ಟಿಸಾಲ್ ಜೋರಾಗಿ ಏರುತ್ತದೆ, ಮುಂದಿನ ಕೆಲವು ಗಂಟೆಗಳಲ್ಲಿ ಮಗು ನಿಶ್ಚಲ ನಿದ್ದೆಯಲ್ಲಿ ಕಳೆಯುವ ಹೊತ್ತು ಚೇತರಿಕೆಯ ಭಾಗ ಎಂಬುದು ಅವರ ವಿವರಣೆ.

ನಮಗೆ ಇದರಲ್ಲಿ ಕೆಲಸಕ್ಕೆ ಬರುವ ಪಾಠ ಇಷ್ಟು: ಆಪರೇಷನ್ ಆದ ಮಗು ಗಾಢವಾಗಿ ಮಲಗಿರುವುದನ್ನು ನೋಡಿ 'ಪಾಪ, ನೋವೇ ಇಲ್ಲ' ಎಂದು ತೀರ್ಮಾನಿಸಿ ನೋವಿನ ಔಷಧದ ಹೊತ್ತನ್ನು ತಪ್ಪಿಸಬೇಡಿ. ಹೊರಗಿನ ಹಾವಳಿಗೆ ಬಾಗಿಲು ಮುಚ್ಚಿಕೊಳ್ಳುವುದೂ ಕೂಸಿನ ಒಂದು ಉಪಾಯ. ಸುನ್ನತಿ ಮಾಡಿಸುವ ಮನೆಗಳಿಗೂ ಒಂದು ಮಾತು. ಧಾರ್ಮಿಕ ಕಾರಣಕ್ಕಿರಲಿ, ವೈದ್ಯಕೀಯ ಕಾರಣಕ್ಕಿರಲಿ, ಸ್ಥಳೀಯ ಅರಿವಳಿಕೆ ಕೊಟ್ಟು ಮಾಡಿಸಿ. 1997ರಲ್ಲಿ ಕೆನಡಾದ ಅಧ್ಯಯನವೊಂದು, ಮರಗಟ್ಟಿಸುವ ಮುಲಾಮು ಹಚ್ಚದೆ ಸುನ್ನತಿಯಾದ ಮಕ್ಕಳು ನಾಲ್ಕು–ಆರು ತಿಂಗಳ ಲಸಿಕೆಯ ವೇಳೆ ಹೆಚ್ಚು ನೋವು ತೋರಿದ್ದನ್ನು ದಾಖಲಿಸಿತು. ಮುಲಾಮು ಹಚ್ಚಿದ್ದ ಮಕ್ಕಳಲ್ಲಿ ಅದು ಅಷ್ಟಿರಲಿಲ್ಲ.

ಈ ಪರಿಣಾಮ ಎಷ್ಟು ದಿನ?

ಹರ್ನಿಯಾದಂಥ ಸಣ್ಣ ಆಪರೇಷನ್ ಸರಿಯಾದ ಅರಿವಳಿಕೆಯಲ್ಲಿ ನಡೆದರೆ ಕಾರ್ಟಿಸಾಲ್ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಹಳೆಯ ಮಟ್ಟಕ್ಕೆ ಬರುತ್ತದೆ. ಬೆನ್ನಿನ ಕೆಳಭಾಗದಲ್ಲಿ ಕೊಡುವ ಕಾಡಲ್ ಬ್ಲಾಕ್ ಇದ್ದರೆ ಏರಿಕೆಯೇ ಕಡಿಮೆ. ಹೃದಯದ ಬೈಪಾಸ್ ಯಂತ್ರಕ್ಕೆ ಹಾಕಿ ಮಾಡುವ ಆಪರೇಷನ್‌ನಲ್ಲಿ ಏರಿಕೆ ಹೆಚ್ಚು, ಇಳಿಯುವುದೂ ನಿಧಾನ. ಜೊತೆಗೆ ಐಸಿಯುವಿನ ದೀಪ, ಅಲಾರಂ, ಗಂಟೆಗೊಮ್ಮೆ ತಪಾಸಣೆ. ಎನ್‌ಐಸಿಯುಗಳಲ್ಲಿ ಸದ್ದು 45 ಡೆಸಿಬಲ್ ದಾಟಬಾರದೆಂದು ಅಮೆರಿಕದ ಅಕಾಡೆಮಿ 1997ರಲ್ಲೇ ಸಲಹೆ ಕೊಟ್ಟಿದೆ. ನಾಲ್ಕು ಜನ ಮಾತಾಡುವ ಯಾವ ಕೋಣೆಯೂ ಅಷ್ಟು ಸದ್ದಿಲ್ಲದೆ ಇರುವುದಿಲ್ಲ.

ದಿನ ತುಂಬದೆ ಹುಟ್ಟಿ ವಾರಗಟ್ಟಲೆ ಎನ್‌ಐಸಿಯುವಿನಲ್ಲಿದ್ದ ಮಕ್ಕಳ ಕತೆ ಬೇರೆ. ವ್ಯಾಂಕೂವರ್‌ನ ರೂತ್ ಗ್ರೂನೌ ಅವರ ತಂಡ ಇಂಥ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದೆ. ಪದೇ ಪದೇ ಸೂಜಿ ಚುಚ್ಚಿಸಿಕೊಂಡ ಮಕ್ಕಳಲ್ಲಿ ಕಾರ್ಟಿಸಾಲ್ ಮೊದಲ ವಾರಗಳಲ್ಲಿ ಮಂದವಾಗಿದ್ದು, ಎಂಟು ತಿಂಗಳ ಹೊತ್ತಿಗೆ ಮಾಮೂಲಿಗಿಂತ ಹೆಚ್ಚಾಗಿದ್ದುದು ಕಂಡುಬಂತು. ಒತ್ತಡದ ವ್ಯವಸ್ಥೆಯ ಅಳತೆಗೋಲೇ ಸ್ವಲ್ಪ ಸರಿದಂತೆ. ಆದರೆ ಅವಧಿಗೆ ಮುನ್ನ ಹುಟ್ಟಿದ್ದು, ಕಾಯಿಲೆ, ವೆಂಟಿಲೇಟರ್, ತಾಯಿಯಿಂದ ದೂರವಿದ್ದದ್ದು ಎಲ್ಲವೂ ಇಲ್ಲಿ ಕಲೆಸಿಕೊಂಡಿವೆ. ಒಂದು ಆಪರೇಷನ್ ಆದ ದಿನ ತುಂಬಿದ ಮಗುವಿಗೆ ಇದನ್ನು ಹಾಗೆಯೇ ಅನ್ವಯಿಸುವುದು ತಪ್ಪು. ರಾಟರ್‌ಡ್ಯಾಮ್‌ನಲ್ಲಿ ಮೊದಲ ಮೂರು ತಿಂಗಳಲ್ಲಿ ದೊಡ್ಡ ಆಪರೇಷನ್ ಆಗಿ, ನೋವುನಿವಾರಕ ಚೆನ್ನಾಗಿ ಸಿಕ್ಕಿದ್ದ ಮಕ್ಕಳನ್ನು ನಂತರದ ಲಸಿಕೆಯ ವೇಳೆ ಗಮನಿಸಿದರು. ಅವರ ನೋವಿನ ಪ್ರತಿಕ್ರಿಯೆ ಬೇರೆ ಮಕ್ಕಳಿಗಿಂತ ಹೆಚ್ಚಿರಲಿಲ್ಲ. ಆಪರೇಷನ್ ಆಯಿತೇ ಎಂಬುದಕ್ಕಿಂತ ನೋವನ್ನು ಹೇಗೆ ನೋಡಿಕೊಂಡರು ಎಂಬುದು ದೊಡ್ಡ ಪ್ರಶ್ನೆ ಎಂದು ಈ ಅಧ್ಯಯನಗಳನ್ನೆಲ್ಲ ಓದಿದ ಮೇಲೆ ನನಗೆ ಅನ್ನಿಸುತ್ತದೆ.

ಅರಿವಳಿಕೆಯಿಂದ ಮೆದುಳಿಗೆ ತೊಂದರೆಯೇ ಎಂಬ ಭಯಕ್ಕೂ ಒಂದು ಒಳ್ಳೆಯ ಉತ್ತರವಿದೆ. ಏಳು ದೇಶಗಳ 28 ಆಸ್ಪತ್ರೆಗಳಲ್ಲಿ 722 ಎಳೆಗೂಸುಗಳ ಹರ್ನಿಯಾ ಆಪರೇಷನ್ ಅನ್ನು, ಅರ್ಧದಷ್ಟು ಮಕ್ಕಳಿಗೆ ಪೂರ್ಣ ಅರಿವಳಿಕೆಯಲ್ಲಿ, ಉಳಿದವರಿಗೆ ಎಚ್ಚರವಿರುವಾಗಲೇ ಬೆನ್ನಿನ ಇಂಜೆಕ್ಷನ್ ಕೊಟ್ಟು ಮಾಡಿದರು. ಎರಡು ವರ್ಷಕ್ಕೂ ಐದು ವರ್ಷಕ್ಕೂ ಪರೀಕ್ಷಿಸಿದಾಗ ಬುದ್ಧಿಯ ಬೆಳವಣಿಗೆಯಲ್ಲಿ ಎರಡೂ ಗುಂಪುಗಳಿಗೆ ವ್ಯತ್ಯಾಸ ಕಾಣಲಿಲ್ಲ. 2019ರಲ್ಲಿ ಬಂದ ಈ ಫಲಿತಾಂಶ ಒಂದು ಗಂಟೆಯೊಳಗಿನ ಅರಿವಳಿಕೆಗೆ ಸಂಬಂಧಿಸಿದ್ದು. ಮೂರು ವರ್ಷದೊಳಗಿನ ಮಕ್ಕಳಿಗೆ ಮೂರು ಗಂಟೆ ಮೀರಿದ ಅಥವಾ ಪದೇ ಪದೇ ಕೊಡುವ ಅರಿವಳಿಕೆಯ ಬಗ್ಗೆ ಅಮೆರಿಕದ ಎಫ್‌ಡಿಎ 2016ರಲ್ಲಿ ಕೊಟ್ಟ ಎಚ್ಚರಿಕೆ ಬೇರೆಯೇ ವಿಷಯ. ಆಗಲೂ ತೀರ ಅಗತ್ಯದ ಆಪರೇಷನ್ ಮುಂದೂಡಿ ಎಂದು ಅದು ಹೇಳಿಲ್ಲ.

ಕಾಯಬಹುದಾದದ್ದು, ಕಾಯಬಾರದ್ದು

'ಒಂದು ವರ್ಷ ತುಂಬಲಿ' ಎಂಬ ಚಿಕ್ಕಮ್ಮನ ಮಾತು ಕೆಲವು ಕಡೆ ಸರಿ. ಹೊಕ್ಕುಳ ಉಬ್ಬಿರುವ ಹರ್ನಿಯಾ ಬಹುತೇಕ ಮಕ್ಕಳಲ್ಲಿ ನಾಲ್ಕೈದು ವರ್ಷದೊಳಗೆ ತಾನೇ ಮುಚ್ಚಿಕೊಳ್ಳುತ್ತದೆ, ಅದಕ್ಕೆ ನಾಣ್ಯ ಕಟ್ಟುವುದೂ ಬೇಡ. ವೃಷಣದ ಸುತ್ತ ನೀರು ತುಂಬಿದ್ದರೆ ಸಾಮಾನ್ಯವಾಗಿ ಒಂದೆರಡು ವರ್ಷ ನೋಡುತ್ತಾರೆ. ಆದರೆ ತೊಡೆಸಂದಿಯ ಹರ್ನಿಯಾದಲ್ಲಿ ಕರುಳು ಸಿಕ್ಕಿಹಾಕಿಕೊಳ್ಳುವ ಅಪಾಯವಿದೆ, ಎಳೆ ವಯಸ್ಸಿನಲ್ಲಿ ಆ ಅಪಾಯ ಇನ್ನೂ ಹೆಚ್ಚು. ಮೂರರಿಂದ ಆರು ವಾರದ ಮಗು ಕುಡಿದ ಹಾಲನ್ನೆಲ್ಲ ಚಿಮ್ಮಿ ವಾಂತಿ ಮಾಡುವ ಪೈಲೋರಿಕ್ ಸ್ಟೆನೋಸಿಸ್ ಕಾಯುವಂಥದ್ದಲ್ಲ. ಪಿತ್ತನಾಳ ಮುಚ್ಚಿಹೋಗಿ ಕಾಮಾಲೆ ಇಳಿಯದ ಮಗುವಿಗೆ 60 ದಿನದೊಳಗೆ ಆಪರೇಷನ್ ಆದರೆ ಫಲ ಉತ್ತಮ. ಇಲ್ಲೆಲ್ಲ ನಿದ್ದೆ–ಒತ್ತಡಗಳ ಲೆಕ್ಕ ಹಾಕುತ್ತ ಕೂರುವುದು ದುಬಾರಿಯಾದೀತು.

ದಿನ ತುಂಬದೆ ಹುಟ್ಟಿದ ಮಗುವಿಗೆ ತೊಡೆಸಂದಿಯ ಹರ್ನಿಯಾ ಇದ್ದರೆ ಮಾತ್ರ ಡಾಕ್ಟರರ ಜೊತೆ ಸಮಯದ ಬಗ್ಗೆ ಮಾತಾಡಲು ಅವಕಾಶವಿದೆ. 2024ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ, ಎನ್‌ಐಸಿಯುವಿನಿಂದ ಮನೆಗೆ ಹೋಗುವ ಮುನ್ನವೇ ಆಪರೇಷನ್ ಆದವರಲ್ಲಿ ಶೇ. 28 ಮಕ್ಕಳಿಗೆ ಒಂದಾದರೂ ಗಂಭೀರ ತೊಡಕು ಬಂತು. ಗರ್ಭಧಾರಣೆಯ ಲೆಕ್ಕದಲ್ಲಿ 55 ವಾರ ದಾಟುವವರೆಗೆ ಕಾದವರಲ್ಲಿ ಅದು ಶೇ. 18. ಕಾಯುವುದಾದರೆ ಸಿಕ್ಕಿಹಾಕಿಕೊಂಡ ಹರ್ನಿಯಾದ ಲಕ್ಷಣಗಳು ನಿಮಗೆ ಬಾಯಿಪಾಠ ಇರಬೇಕು: ಗಂಟು ಗಟ್ಟಿಯಾಗಿ ಒಳಹೋಗದಿರುವುದು, ಬಣ್ಣ ಬದಲಾಗುವುದು, ನಿಲ್ಲದ ಅಳು, ಹಸಿರು ವಾಂತಿ.

ಖರ್ಚಿನ ಯೋಚನೆಯಿದ್ದರೆ, 2013ರಿಂದ ಇರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಹುಟ್ಟಿನಿಂದ ಬಂದ ಹೃದಯದೋಷ, ಸೀಳುತುಟಿಯಂಥವಕ್ಕೆ ಉಚಿತ ಚಿಕಿತ್ಸೆಯ ವ್ಯವಸ್ಥೆ ಉಂಟು. ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ.

ಆಸ್ಪತ್ರೆಯಲ್ಲಿ

ಅರಿವಳಿಕೆ ತಜ್ಞರನ್ನು ಭೇಟಿಯಾಗದೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಡಿ. ನಮ್ಮಲ್ಲಿ ಸರ್ಜನ್ ಜೊತೆ ಗಂಟೆಗಟ್ಟಲೆ ಮಾತಾಡುವ ಪೋಷಕರು ಇವರ ಹೆಸರನ್ನೂ ಕೇಳಿರುವುದಿಲ್ಲ. ಕೇಳಬೇಕಾದ್ದು ಇಷ್ಟು: ನೋವಿಗೆ ಬ್ಲಾಕ್ ಕೊಡುತ್ತೀರಾ? ಅದು ಎಷ್ಟು ಹೊತ್ತು ಇರುತ್ತದೆ? ಅದು ಇಳಿಯುವ ಮುಂಚೆ ಏನು ಕೊಡುತ್ತೀರಿ? ಕಾಡಲ್ ಬ್ಲಾಕ್ ಕೆಲವು ಗಂಟೆಗಳಲ್ಲಿ ಇಳಿಯುತ್ತದೆ. ಬೆಳಗ್ಗೆ ಆಪರೇಷನ್ ಆಗಿ ಮಧ್ಯಾಹ್ನವೆಲ್ಲ ಶಾಂತವಾಗಿದ್ದ ಮಗು ಸಂಜೆ ಹೊತ್ತಿಗೆ ಇದ್ದಕ್ಕಿದ್ದಂತೆ ಅಳಲು ಶುರುಮಾಡುವುದು ಬಹಳ ಸಲ ಇದರಿಂದಲೇ, ದೃಷ್ಟಿಯಿಂದಲ್ಲ.

ಹೊಟ್ಟೆ ಖಾಲಿ ಇಡುವುದು ಅಗತ್ಯ, ಆದರೆ ಅತಿ ಬೇಡ. ಎದೆಹಾಲಿಗೆ ಸಾಮಾನ್ಯವಾಗಿ ನಾಲ್ಕು ಗಂಟೆ, ಪುಡಿಹಾಲಿಗೆ ಆರು ಗಂಟೆ ಸಾಕು. ಸರದಿ ತಡವಾಗಿ ಮಗು ಎಂಟು–ಹತ್ತು ಗಂಟೆ ಹಸಿದಿದ್ದರೆ ಅದೇ ಒಂದು ಒತ್ತಡ. ಲಿಸ್ಟಿನಲ್ಲಿ ಮೊದಲ ಕೇಸ್ ಆಗಿ ಹಾಕಿಕೊಳ್ಳಿ ಎಂದು ಕೇಳಲು ಸಂಕೋಚ ಬೇಡ.

ಮೈಗೆ ಮೈ ತಾಗಿಸಿ ಎದೆಯ ಮೇಲೆ ಮಲಗಿಸಿಕೊಳ್ಳುವ ಕಾಂಗರೂ ಆರೈಕೆ ಸೂಜಿಯಂಥ ಸಣ್ಣ ನೋವುಗಳಲ್ಲಿ ಅಳುವನ್ನೂ ನೋವಿನ ಅಂಕವನ್ನೂ ತಗ್ಗಿಸುತ್ತದೆ. ಹೊಲಿಗೆ, ಟ್ಯೂಬುಗಳಿಗೆ ತೊಂದರೆಯಾಗದಂತೆ ಯಾವಾಗಿನಿಂದ ಎತ್ತಿಕೊಳ್ಳಬಹುದು ಎಂದು ನರ್ಸನ್ನು ಕೇಳಿ. ಅಪ್ಪನೂ ಮಾಡಬಹುದು. ಸಕ್ಕರೆ ನೀರಿನ ಬಗ್ಗೆ ಮಾತ್ರ ಒಂದು ಎಚ್ಚರ: 2010ರಲ್ಲಿ ಸ್ಲೇಟರ್ ತಂಡ, ಸಕ್ಕರೆ ಕೊಟ್ಟಾಗ ಮಗುವಿನ ಮುಖದಲ್ಲಿ ನೋವು ಕಡಿಮೆ ಕಂಡರೂ ಮೆದುಳಿನ ನೋವಿನ ಸಂಕೇತ ತಗ್ಗಲಿಲ್ಲ ಎಂದು ತೋರಿಸಿತು. ಸೂಜಿಯ ಹೊತ್ತಿಗೆ ಸರಿ, ಆಪರೇಷನ್ ನೋವಿಗೆ ಅದು ಔಷಧವಲ್ಲ.

ವಾರ್ಡಿನಲ್ಲಿ ಮಗುವಿನ ಬಳಿ ಕೂರುವವರು ಬಹಳ ಸಲ ಅಜ್ಜಿ. ಮುಂಬೈ, ಚೆನ್ನೈ, ದೆಹಲಿಯ ವಾರ್ಡುಗಳಲ್ಲಿ ಕನ್ನಡ ಮಾತ್ರ ಬಲ್ಲ ಅಜ್ಜಿಗೆ 'ಮಗು ಹಾಲು ಸರಿಯಾಗಿ ಹಿಡಿಯುತ್ತಿಲ್ಲ' ಎಂದು ನರ್ಸಿಗೆ ತಿಳಿಸುವುದು ಕಷ್ಟ. ಒಂದು ಹಾಳೆಯಲ್ಲಿ ನೋವು, ವಾಂತಿ, ಮೂತ್ರ, ಹಾಲು, ಉಸಿರು ಎಂಬ ಐದಾರು ಪದಗಳನ್ನು ಕನ್ನಡದಲ್ಲೂ ಪಕ್ಕದಲ್ಲಿ ಅಲ್ಲಿನ ಭಾಷೆಯಲ್ಲೂ ಬರೆದು ಕೊಟ್ಟು ಹೋಗಿ. ತೋರಿಸಿದರೂ ಸಾಕು.

ಮನೆಗೆ ಬಂದ ಮೇಲೆ

ಮೊದಲ ವಾರ, ಕೆಲವರಲ್ಲಿ ಎರಡು ವಾರ, ನಿದ್ದೆ ತುಂಡುತುಂಡಾಗಬಹುದು. ಹಗಲು ಬೆಳಕಿರಲಿ, ರಾತ್ರಿ ಹಾಲೂಡಿಸುವಾಗ ದೀಪ ಮಂದವಾಗಿರಲಿ. ರಾತ್ರಿಯ ಎದೆಹಾಲಿನಲ್ಲಿ ಮೆಲಟೋನಿನ್ ಹೆಚ್ಚಿರುತ್ತದೆ, ಹಿಂಡಿಟ್ಟ ಹಾಲಿನ ಬಾಟಲಿಗಳ ಮೇಲೆ ಹೊತ್ತು ಬರೆದಿಟ್ಟರೆ ರಾತ್ರಿಯದನ್ನು ರಾತ್ರಿಗೇ ಬಳಸಬಹುದು. ಮಗುವನ್ನು ಅಂಗಾತ, ಗಟ್ಟಿ ಹಾಸಿಗೆಯ ಮೇಲೆ ಮಲಗಿಸಿ. ಗಾಯ ಮಾಯುವವರೆಗೆ ಸೀರೆಯ ಜೋಲಿ ಬೇಡ.

ಮುಖ್ಯವಾದ ಇನ್ನೊಂದು ಮಾತು: ಜಾಯಿಕಾಯಿ. ಮಗು ಮಲಗಲೆಂದು ಬಜೆ, ಜಾಯಿಕಾಯಿ ತೇದು ನೆಕ್ಕಿಸುವುದು ನಮ್ಮ ಮನೆಗಳಲ್ಲಿ ಹಳೆಯ ರೂಢಿ, ಪುಣೆ–ಮುಂಬೈಗಳಲ್ಲಿ ಬಾಳಗುಟಿಯ ಹೆಸರಿನಲ್ಲೂ ಇದೇ ಸಿಗುತ್ತದೆ. ಜಾಯಿಕಾಯಿ ಹೆಚ್ಚಾದರೆ ಎಳೆಗೂಸಿಗೆ ವಿಷವಾಗುತ್ತದೆ. ತೇಯುವಾಗ ಎಷ್ಟು ಬಂತೆಂದು ಅಳೆಯುವವರು ಯಾರೂ ಇಲ್ಲ. ಅರಿವಳಿಕೆಯ ಮತ್ತು ಪೂರ್ತಿ ಇಳಿಯದ ಮಗುವಿಗೆ ಇನ್ನೊಂದು ಮಂಪರು ಸೇರಿದರೆ ಉಸಿರಿಗೇ ಕುತ್ತು. ಎಣ್ಣೆ ನೀರಿನ ಬಳಿಕ ಹಾಕುವ ಸಾಂಬ್ರಾಣಿ ಹೊಗೆಯನ್ನೂ ಬಿಡಿ, ಅರಿವಳಿಕೆಯ ನಂತರ ಶ್ವಾಸನಾಳ ಸೂಕ್ಷ್ಮವಾಗಿರುತ್ತದೆ. ಅಜ್ಜಿಗೆ ಬೇಸರವಾಗದಂತೆ ಹೇಳಬೇಕಾದರೆ, ಜೋಗುಳದ ಜವಾಬ್ದಾರಿ ಅವರಿಗೇ ಬಿಡಿ. ಅದಕ್ಕೆ ಅಡ್ಡಪರಿಣಾಮವಿಲ್ಲ.

ಪ್ಯಾರಾಸಿಟಮಾಲ್ ಕೊಡುವಾಗ ಬಾಟಲಿ ನೋಡಿ. ಡ್ರಾಪ್ಸ್‌ನಲ್ಲಿ ಸಾಮಾನ್ಯವಾಗಿ ಒಂದು ಮಿಲಿಗೆ 100 ಮಿಗ್ರಾಂ ಔಷಧವಿದ್ದರೆ, 5 ಮಿಲಿಗೆ 125 ಮಿಗ್ರಾಂ ಇರುವ ಸಿರಪ್‌ನಲ್ಲಿ ಮಿಲಿಗೆ 25 ಮಾತ್ರ. ಸಿರಪ್‌ನ ಅಳತೆಯಲ್ಲಿ ಡ್ರಾಪ್ಸ್ ಕೊಟ್ಟರೆ ನಾಲ್ಕು ಪಟ್ಟು ಔಷಧ ಹೋಗುತ್ತದೆ. ಡಾಕ್ಟರು ಮಗುವಿನ ತೂಕ ನೋಡಿ ಬರೆದ ಪ್ರಮಾಣವನ್ನು, ಬರೆದ ಹೊತ್ತಿಗೆ, ಅವರು ಹೇಳಿದಷ್ಟು ದಿನ ಕೊಡಿ. ಅತ್ತ ಮೇಲೆ ನೋಡೋಣ ಎಂದು ಕಾಯಬೇಡಿ. ಒಮ್ಮೆ ಏರಿದ ನೋವನ್ನು ಇಳಿಸುವುದು ಮಗುವಿಗೂ ನಿಮಗೂ ಕಷ್ಟ.

ಅವಧಿಗೆ ಮುನ್ನ ಹುಟ್ಟಿದ ಮಗುವಾದರೆ, ಗರ್ಭಧಾರಣೆಯ ಲೆಕ್ಕದಲ್ಲಿ ಸುಮಾರು 60 ವಾರ ತುಂಬುವವರೆಗೆ, ಅರಿವಳಿಕೆಯ ನಂತರ ಉಸಿರು ನಿಂತು ನಿಂತು ಬರುವ ಅಪಾಯವಿರುತ್ತದೆ. ಅದಕ್ಕೇ ಒಂದು ರಾತ್ರಿ ಮಾನಿಟರ್ ಹಾಕಿ ಇಟ್ಟುಕೊಳ್ಳುತ್ತಾರೆ. ಬೇಗ ಡಿಸ್ಚಾರ್ಜ್ ಮಾಡಿ ಎಂದು ಒತ್ತಾಯಿಸಬೇಡಿ. ಮನೆಯಲ್ಲಿ 38 ಡಿಗ್ರಿ ಸೆಲ್ಸಿಯಸ್‌ನಷ್ಟು ಜ್ವರ, ಎಂಟು ಗಂಟೆ ಮೂತ್ರ ಹೋಗದಿರುವುದು, ಗಾಯ ಕೆಂಪಾಗಿ ಊದಿ ಸೋರುವುದು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಹಸಿರು ವಾಂತಿ, ಎಬ್ಬಿಸಿದರೂ ಕಣ್ಣು ಬಿಡದಿರುವುದು, ತುಟಿ ನೀಲಿಯಾಗುವುದು, ಉಸಿರು ನಿಂತಂತಾಗುವುದು ಕಂಡರೆ ಫೋನಿನಲ್ಲಿ ಯಾರನ್ನೂ ಕೇಳುತ್ತ ಕೂರದೆ 112ಕ್ಕೆ ಕರೆ ಮಾಡಿ. ಮಹಾರಾಷ್ಟ್ರ, ತಮಿಳುನಾಡು, ತೆಲಂಗಾಣಗಳಲ್ಲಿ 108 ಕೂಡ ಸಿಗುತ್ತದೆ.